ಫ್ಯೂಯಲ್ ಸೆಲ್ ಕಾನ್ಫರೆನ್ಸಿಗೆ ದುಡ್ಡು ಕಟ್ಟಿ ಹೋಗ್ಲಾ ಬೇಡ್ವಾ? ದಾವಣಗೆರೆ-ದುರ್ಗದ ಕಡೆಯವ್ರು ಹೇಳ್ರಿ

ಜಗಳೂರು_ಹುಡುಗ:
ಎಲ್ರಿಗೂ ನಮಸ್ಕಾರ. ನಾನು ದಾವಣಗೆರೆಲಿ ಮೆಕ್ಯಾನಿಕಲ್ ಆರನೇ ಸೆಮ್. ಹೋದ ಸೆಮ್ಮಲ್ಲಿ ಫ್ಯೂಯಲ್ ಸೆಲ್ ಬಗ್ಗೆ ನಾಲ್ಕೇ ನಾಲ್ಕು ಪೇಜು ಇತ್ತು, ಓದಿದಾಗಿಂದ ಅದು ತಲೆ ಬಿಟ್ಟು ಹೋಗ್ತಾನೇ ಇಲ್ಲ, ಒಂದು ಕಡೆಯಿಂದ ಹೈಡ್ರೋಜನ್ನು ಇನ್ನೊಂದು ಕಡೆಯಿಂದ ಗಾಳಿ, ಉರಿ ಇಲ್ಲ ಹೊಗೆ ಇಲ್ಲ, ಕರೆಂಟೂ ನೀರೂ ಬರುತ್ತೆ ಅಂದ್ರೆ ಕಣ್ಣಲ್ಲಿ ನೋಡ್ಬೇಕು ಅನ್ಸುತ್ತೆ. ನಮ್ ಕಾಲೇಜ್ ಲ್ಯಾಬಲ್ಲಿ ಅದು ಇಲ್ಲ. ಈಗ ಬೆಂಗಳೂರಲ್ಲಿ ಎರಡು ದಿನದ ಕಾನ್ಫರೆನ್ಸು ಅಂತ ವಾಟ್ಸಾಪಲ್ಲಿ ಬಂದಿದೆ, ಫೀಸು 3,500, ಪೇಪರ್ ಕೊಟ್ರೆ ಇನ್ನೂ ಜಾಸ್ತಿ, ಪಬ್ಲಿಕೇಶನ್ ಗ್ಯಾರಂಟಿ ಅಂತಾನೂ ಹಾಕಿದಾರೆ. ಬಸ್ಸು ರೂಮು ಊಟ ಎಲ್ಲ ಸೇರಿದ್ರೆ 6,000 ದಾಟುತ್ತೆ. ಮೆಕ್ಕೆಜೋಳದ ದುಡ್ಡು ಬಂದೈತಿ ತಗೊಂಡು ಹೋಗಪ್ಪ ಅಂತಾರೆ ನಮ್ ಅಪ್ಪ, ಅವ್ರು ಹಂಗೆ ಅಂದಿದ್ದಕ್ಕೇ ನಂಗೆ ಇನ್ನೂ ಯೋಚ್ನೆ ಜಾಸ್ತಿ ಆಗಿದೆ. ಹೋದ್ರೆ ನಿಜವಾಗ್ಲೂ ಏನಾದ್ರೂ ಕಲಿಯೋಕೆ ಸಿಗುತ್ತಾ?

ಹರಿಹರ_ಟು_ಚೆನ್ನೈ:
ತಮ್ಮಾ, ಪಬ್ಲಿಕೇಶನ್ ಗ್ಯಾರಂಟಿ ಅಂತ ಬರೆದಿದ್ರೆ ಅಲ್ಲಿಗೇ ಬಿಟ್ಟುಬಿಡು. ಪೇಪರ್ ಓದೋಕ್ಕಿಂತ ಮುಂಚೆ ಗ್ಯಾರಂಟಿ ಕೊಡೋರು ಅದನ್ನ ಓದೋದೇ ಇಲ್ಲ. ನಾನು ನಿನ್ ವಯಸ್ಸಲ್ಲಿ ಇಂಥದ್ದಕ್ಕೇ ದುಡ್ಡು ಕಟ್ಟಿ ಹೋಗಿದ್ದೆ, ಎರಡು ದಿನ ಪಿಪಿಟಿ, ಹೂಗುಚ್ಛ, ಸನ್ಮಾನ, ಕೊನೇಲಿ ಸರ್ಟಿಫಿಕೇಟು, ಒಂದು ಸೆಲ್ಲೂ ಕೈಗೆ ಕೊಡ್ಲಿಲ್ಲ, ವಾಪಸ್ ಬರೋವಾಗ ಬಸ್ಸಲ್ಲಿ ಅಳು ಬಂದಿತ್ತು ನಂಗೆ.

ಈಗ ಫ್ಯೂಯಲ್ ಸೆಲ್ ಕೆಲ್ಸದಲ್ಲೇ ಇದೀನಿ, ಅದಕ್ಕೇ ಹೇಳ್ತೀನಿ ಕೇಳು. ಯಾವ ವರ್ಕ್‌ಶಾಪಿಗಾದ್ರೂ ಹೋಗು, ಮೊದಲು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳು, ಪೋಲರೈಸೇಶನ್ ಕರ್ವ್ ನಾವೇ ತೆಗಿತೀವಾ ಇಲ್ಲಾ ಸ್ಲೈಡಲ್ಲಿ ತೋರಿಸ್ತೀರಾ ಅಂತ. ನಾವೇ ತೆಗಿಯೋದು ಅಂದ್ರೆ ಸಾಲ ಮಾಡಿಯಾದ್ರೂ ಹೋಗು. ಕರೆಂಟ್ ಜಾಸ್ತಿ ಎಳೀತಾ ಹೋದಂಗೆ ವೋಲ್ಟ್ ಎಷ್ಟೆಷ್ಟು ಇಳಿಯುತ್ತೆ ಅಂತ ತೋರಿಸೋ ಗ್ರಾಫ್ ಅದು, ಸೆಲ್ಲಿನ ಜಾತಕ ಪೂರ್ತಿ ಆ ಒಂದು ಗೆರೆಯಲ್ಲಿ ಇರುತ್ತೆ. ಪುಸ್ತಕದಲ್ಲಿ 1.23 ವೋಲ್ಟ್ ಅಂತ ಓದಿರ್ತೀಯ, ಸೆಲ್ ಕಟ್ಟಿ ಗ್ಯಾಸ್ ಬಿಟ್ರೆ ಲೋಡ್ ಇಲ್ದೇ ಇದ್ರೂ 1 ವೋಲ್ಟ್ ಹತ್ರ ಅಷ್ಟೇ ನಿಲ್ಲುತ್ತೆ, ಲೋಡ್ ಹಾಕ್ತಾ ಹೋದ್ರೆ ಮೊದಲು ದಡಕ್ಕನೆ ಇಳಿಯುತ್ತೆ, ಅದು ಪ್ಲಾಟಿನಂ ಮೇಲೆ ರಿಯಾಕ್ಷನ್ ಶುರುವಾಗೋಕೆ ಕೊಡೋ ಬೆಲೆ, ಅದರಲ್ಲೂ ಆಕ್ಸಿಜನ್ ಕಡೆಯದ್ದೇ ಜಾಸ್ತಿ, ಆಮೇಲೆ ನೇರ ಗೆರೆ ಹಂಗೆ ನಿಧಾನ ಇಳಿಯುತ್ತೆ, ಅದು ಮೆಂಬ್ರೇನ್ (ಎರಡು ಗ್ಯಾಸಿನ ಮಧ್ಯೆ ಇರೋ ತೆಳು ಪದರ) ಮತ್ತೆ ಕನೆಕ್ಷನ್‌ಗಳ ರೆಸಿಸ್ಟೆನ್ಸು, ಕೊನೆಗೆ ಕರೆಂಟ್ ತುಂಬಾ ಎಳೆದ್ರೆ ಗ್ಯಾಸು ಒಳಗೆ ತಲುಪೋಕೆ ಆಗ್ದೆ ಪೂರ್ತಿ ಬಿದ್ದುಹೋಗುತ್ತೆ. ನಾವು ಓಡಿಸೋದು 0.6-0.7 ವೋಲ್ಟಲ್ಲಿ. ಅಷ್ಟು ಕಮ್ಮಿ ಇರೋದಕ್ಕೇ ನೂರಾರು ಸೆಲ್ ಒಂದರ ಮೇಲೊಂದು ಜೋಡಿಸಿ ಸ್ಟ್ಯಾಕ್ ಮಾಡೋದು. ಮೆಂಬ್ರೇನ್ ಒಣಗಿದ್ರೆ ರೆಸಿಸ್ಟೆನ್ಸ್ ಏರುತ್ತೆ, ನೀರು ಜಾಸ್ತಿ ಆದ್ರೆ ಗ್ಯಾಸಿನ ದಾರಿ ಕಟ್ಟುತ್ತೆ, 60-80 ಡಿಗ್ರಿಯಲ್ಲಿ ಈ ಹದ ಕಾಯೋದೇ ದೊಡ್ಡ ಕೆಲ್ಸ. ನನಗೆ ನೂರು ಸ್ಲೈಡಲ್ಲಿ ತಿಳೀದೇ ಇದ್ದಿದ್ದು ಗ್ಯಾಸಿಗೆ ತೇವ ಕೊಡೋ ಹ್ಯುಮಿಡಿಫೈಯರ್ ಆಫ್ ಮಾಡಿ ಆ ಗೆರೆ ಕಣ್ಮುಂದೆ ಇಳಿಯೋದು ನೋಡಿದಾಗ ಹತ್ತೇ ನಿಮಿಷದಲ್ಲಿ ತಿಳೀತು.

ಚೆನ್ನೈಲಿ ಐಐಟಿ ಮದ್ರಾಸ್ ರಿಸರ್ಚ್ ಪಾರ್ಕಲ್ಲಿ ಎಆರ್‌ಸಿಐ ಅನ್ನೋ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯ ಫ್ಯೂಯಲ್ ಸೆಲ್ ಸೆಂಟರ್ ಇದೆ, ಕಾರೈಕುಡಿಲಿ ಸಿಎಸ್‌ಐಆರ್‌ನ ಎಲೆಕ್ಟ್ರೋಕೆಮಿಕಲ್ ಸಂಸ್ಥೆ ಇದೆ. ಗೈಡ್ ಸಹಿ ಹಾಕಿಸಿ ಪ್ರಾಜೆಕ್ಟಿಗೆ ಮೇಲ್ ಹಾಕು, ಒಂದಕ್ಕೆ ಉತ್ತರ ಬರ್ಲಿಲ್ಲ ಅಂದ್ರೆ ಹತ್ತು ಹಾಕು.

ಜೋಗಿಮಟ್ಟಿ_ಗಾಳಿ:
ನಾನು ದುರ್ಗದವನು, ವಿಂಡ್‌ಮಿಲ್ ಮೇಂಟೆನೆನ್ಸು. ಹುಡುಗನ ಆಸೆ ಸರಿಯಾಗೇ ಐತೆ, ಆದ್ರೆ ಇದ್ರಲ್ಲಿ ಮುಂದೆ ಕೆಲ್ಸ ಐತಾ ಅಂತ ಮೊದ್ಲು ಲೆಕ್ಕ ಹಾಕ್ಬೇಕಲ್ವಾ ಸಾರ್? ನಮ್ ಗಾಳಿ ಕರೆಂಟಲ್ಲಿ ನೀರು ಒಡೆದು ಒಂದು ಕೆಜಿ ಹೈಡ್ರೋಜನ್ ತೆಗಿಯೋಕೆ 50 ಯೂನಿಟ್ ಮೇಲೇ ಬೇಕು, ಅದೇ ಹೈಡ್ರೋಜನ್ನ ಫ್ಯೂಯಲ್ ಸೆಲ್ಲಿಗೆ ಹಾಕಿದ್ರೆ ವಾಪಸ್ ಬರೋದು 16-17 ಯೂನಿಟ್ಟು. ಬ್ಯಾಟ್ರಿಗೆ ತುಂಬಿದ್ರೆ ಮುಕ್ಕಾಲಿಗಿಂತ ಜಾಸ್ತಿ ವಾಪಸ್ ಬರ್ತೈತೆ.

ಹರಿಹರ_ಟು_ಚೆನ್ನೈ:
ಲೆಕ್ಕ ಸರಿ ಇದೆ ಸಾರ್, ಸ್ಕೂಟರಿಗೆ ಕಾರಿಗೆ ಬ್ಯಾಟ್ರಿನೇ ಸರಿ ಅಂತ ನಾನೂ ಒಪ್ತೀನಿ. ಆದ್ರೆ ಭಾರ ಹೊತ್ತು ದೂರ ಹೋಗೋ ಲಾರಿ, ಹಡಗು, ಸಬ್‌ಮರೀನು ಅಂತ ಬಂದಾಗ ಬ್ಯಾಟ್ರಿ ತೂಕವೇ ಹೊರೆ ಆಗುತ್ತೆ. ಒಂದು ಕೆಜಿ ಹೈಡ್ರೋಜನ್ನಲ್ಲಿ 33 ಯೂನಿಟ್ ಶಕ್ತಿ ಇದೆ. ಇಸ್ರೋದವ್ರು 2024 ಜನವರಿ 1ಕ್ಕೆ ಹಾರಿಸಿದ ಪಿಎಸ್‌ಎಲ್‌ವಿ ಸಿ-58ರಲ್ಲಿ ಚಿಕ್ಕ ಫ್ಯೂಯಲ್ ಸೆಲ್ ಇಟ್ಟು ಆಕಾಶದಲ್ಲೇ 180 ವಾಟ್ ತೆಗೆದ್ರು. 2023ರಲ್ಲಿ ಕೇಂದ್ರ ಸರ್ಕಾರ ಗ್ರೀನ್ ಹೈಡ್ರೋಜನ್ (ಗಾಳಿ, ಬಿಸಿಲಿನ ಕರೆಂಟಿಂದ ತೆಗೆಯೋ ಹೈಡ್ರೋಜನ್) ಮಿಷನ್ನಿಗೆ 19,744 ಕೋಟಿ ಇಟ್ಟಿದೆ. ಕಲಿತವ್ರು ಬೇಕೇ ಬೇಕಾಗುತ್ತೆ.

ಕೆಮಿಸ್ಟ್ರಿ_ಮೇಡಂ_ದುರ್ಗ:
ಮಗಾ, ನಾನು ಪಿಯು ಲೆಕ್ಚರರ್. ಚಳ್ಳಕೆರೆ ಹತ್ರ ಕುದಾಪುರದಲ್ಲಿ ನಮ್ಮ ಐಐಎಸ್‌ಸಿ ಕ್ಯಾಂಪಸ್ ಇದೆ, ಅಲ್ಲಿ ಮೇಷ್ಟ್ರುಗಳಿಗೆ ಟ್ರೈನಿಂಗ್ ಕೊಡ್ತಾರೆ, ನಾನೂ ಹೋಗಿದ್ದೆ, ಲ್ಯಾಬಲ್ಲಿ ನಮ್ ಕೈಯಿಂದಲೇ ಮಾಡಿಸ್ತಾರೆ. ಅದು ನಮ್ಮಂಥವ್ರಿಗೆ, ಆದ್ರೆ ನಿಂಗೂ ದಾರಿ ಇದೆ. ಬೆಂಗಳೂರಲ್ಲಿರೋ ಸೈನ್ಸ್ ಅಕಾಡೆಮಿ ಮತ್ತೆ ಇನ್ನೆರಡು ಅಕಾಡೆಮಿ ಸೇರಿ ಕಾಲೇಜುಗಳಲ್ಲೇ ಲೆಕ್ಚರ್ ವರ್ಕ್‌ಶಾಪ್ ಮಾಡಿಸ್ತಾರೆ, ಕಾಲೇಜಿಂದ ಅರ್ಜಿ ಹಾಕ್ಬೇಕು. ನೀನು ನಿಮ್ ಎಚ್‌ಓಡಿ ಹತ್ರ ಹೋಗಿ ದಾವಣಗೆರೆಗೇ ಕರೆಸೋಣ ಸಾರ್ ಅಂತ ಕೇಳು. ಒಬ್ನು 6,000 ಖರ್ಚು ಮಾಡಿ ಹೋಗೋ ಬದ್ಲು ನೂರು ಮಕ್ಳು ಕೂತ್ಕೊಂಡು ಕಲಿತಾರೆ. ಕೊನೇ ವರ್ಷ ಪ್ರಾಜೆಕ್ಟು ಆಯ್ಕೆ ಆದ್ರೆ ಕೆಎಸ್‌ಸಿಎಸ್‌ಟಿಯಿಂದ (ರಾಜ್ಯದ ವಿಜ್ಞಾನ ತಂತ್ರಜ್ಞಾನ ಮಂಡಳಿ) ದುಡ್ಡು ಸಿಗುತ್ತೆ, ಅದಕ್ಕೂ ಈಗಿಂದಲೇ ತಯಾರಾಗು. ಐಐಟಿಗಳ ಆನ್‌ಲೈನ್ ಪಾಠ ಇರೋ ಎನ್‌ಪಿಟಿಇಎಲ್‌ನಲ್ಲಿ ಹೈಡ್ರೋಜನ್ ಬಗ್ಗೆ ಕೋರ್ಸಿದೆ, ನೋಡೋಕೆ ದುಡ್ಡಿಲ್ಲ.

ಅಲ್ಲೀವರ್ಗೂ ಕಾಯ್ಬೇಡ, ಇವತ್ತೇ ಮನೇಲಿ ಮಾಡು. ಎರಡು ಪೆನ್ಸಿಲ್ ಕಡ್ಡಿ, ಒಂದು ಲೋಟ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ, 9 ವೋಲ್ಟ್ ಬ್ಯಾಟ್ರಿ. ಉಪ್ಪು ಹಾಕ್ಬೇಡ, ಕ್ಲೋರಿನ್ ಬರುತ್ತೆ. ಕಿಟಕಿ ತೆಗೆದಿರು, ಲೋಟ ಮುಚ್ಚಬೇಡ, ಹತ್ರ ಬೆಂಕಿ ಇರಬಾರದು, ಹೈಡ್ರೋಜನ್ ಗಾಳೀಲಿ ನೂರಕ್ಕೆ 4 ಭಾಗ ಇದ್ರೂ ಹತ್ಕೊಳ್ಳುತ್ತೆ. ಎರಡು ನಿಮಿಷ ಗುಳ್ಳೆ ಬರ್ಲಿ, ಆಮೇಲೆ ಬ್ಯಾಟ್ರಿ ಬಿಚ್ಚಿ ಅದೇ ಕಡ್ಡಿಗಳಿಗೆ ಮಲ್ಟಿಮೀಟರ್ ಇಡು. ಕಡ್ಡಿಗೆ ಅಂಟಿರೋ ಹೈಡ್ರೋಜನ್ನೂ ಆಕ್ಸಿಜನ್ನೂ ವಾಪಸ್ ಸೇರ್ತಾ ಕರೆಂಟು ಕೊಡುತ್ತೆ. 1839ರಲ್ಲಿ ವಿಲಿಯಂ ಗ್ರೋವ್ ಪ್ಲಾಟಿನಂ ಇಟ್ಕೊಂಡು ಮಾಡಿದ್ದೂ ಇದೇ ಕೆಲ್ಸ. ನಮ್ ಪಿಯು ಮಕ್ಳು ಇದನ್ನ ನೋಡಿದ್ ದಿನ ಬೆಲ್ ಹೊಡೆದ್ರೂ ಕ್ಲಾಸ್ ಬಿಟ್ಟು ಎದ್ದಿರ್ಲಿಲ್ಲ.

ಜಗಳೂರು_ಹುಡುಗ:
ಮೇಡಂ ಮಾಡಿದೆ!! ಬ್ಯಾಟ್ರಿ ಬಿಚ್ಚಿದ ತಕ್ಷಣ 1.6 ತೋರಿಸ್ತು, ನೋಡ್ತಾ ನೋಡ್ತಾ ಇಳೀತು. ಅಪ್ಪನೂ ಪಕ್ಕದಲ್ಲೇ ಕೂತು ನೋಡಿದ್ರು, ಬ್ಯಾಟ್ರಿನೇ ಇಲ್ಲ ಎಲ್ಲಿಂದ ಬಂತಪ್ಪ ಇದು ಅಂತ ಮೂರು ಸಲ ಮಾಡಿಸಿದ್ರು. ಕಾನ್ಫರೆನ್ಸು ಕ್ಯಾನ್ಸಲ್. ಸೋಮವಾರ ಎಚ್‌ಓಡಿ ಸಾರ್ ಹತ್ರ ಹೋಗ್ತಿದೀನಿ, ಹರಿಹರದ ಅಣ್ಣ ಹೇಳಿದಂಗೆ ಮೇಲೂ ಬರೀತಿದೀನಿ. ಒಂದು ಡೌಟು, ಪ್ಲಸ್ ಕಡೆ ಕಡ್ಡಿಯಿಂದ ಕಪ್ಪು ಪುಡಿ ಉದುರಿ ನೀರೆಲ್ಲಾ ಮಸಿ ಆಯ್ತು, ಯಾಕೆ?

ಹರಿಹರ_ಟು_ಚೆನ್ನೈ:
ಆಕ್ಸಿಜನ್ ಬರೋ ಕಡೆ ಕಾರ್ಬನ್ ತಾನೇ ಸವೆಯುತ್ತೆ. ದೊಡ್ಡ ಸ್ಟ್ಯಾಕಲ್ಲೂ ಆನ್ ಆಫ್ ಮಾಡುವಾಗ ಪ್ಲಾಟಿನಂ ಕೂತಿರೋ ಕಾರ್ಬನ್ ಹಿಂಗೇ ಸವೆಯೋದು, ನಮಗೆ ದಿನಾ ಅದೇ ತಲೆನೋವು. ಹಳೇ ಟಾರ್ಚ್ ಸೆಲ್ಲಿನ ಕಾರ್ಬನ್ ಕಡ್ಡಿ ಹಾಕಿ ನೋಡು, ಎಷ್ಟು ನಿಮಿಷಕ್ಕೆ ಎಷ್ಟು ವೋಲ್ಟ್ ಅಂತ ಬರೆದಿಟ್ಕೊಂಡು ಇಲ್ಲೇ ಹಾಕು.