ಎರಡನೆಯದು ‘ಮೂಲ’ ಹೇಗಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ಪಾವಗಡ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹೋದ ವಾರ ಬೋರ್ಡಿನ ಮೇಲೆ ‘ಪ್ರಾಥಮಿಕ ಶಕ್ತಿ ಮೂಲ, ದ್ವಿತೀಯ ಶಕ್ತಿ ಮೂಲ’ ಎಂದು ಬರೆದೆ. ಒಬ್ಬ ಹುಡುಗಿ ಎದ್ದು ಕೇಳಿದಳು: “ಮೂಲ ಅಂದ್ರೆ ಮೊದಲಿಂದ ಇರೋದು ಅಲ್ವಾ ಸಾರ್? ಎರಡನೇದು ಮೂಲ ಹೆಂಗಾಗುತ್ತೆ?” ಸರಿಯಾದ ಪ್ರಶ್ನೆ. ಉತ್ತರ ಹೊಳೆಯದೆ, ಈ ಎರಡಕ್ಕೂ ಒಪ್ಪುವ ಕನ್ನಡ ಪದ ಕೇಳೋಣವೆಂದು ಇಲ್ಲಿಗೆ ತಂದಿದ್ದೇನೆ.

ಬಿಸಿಲು, ಗಾಳಿ, ಹರಿಯುವ ನೀರು, ಕಲ್ಲಿದ್ದಲು, ಕಚ್ಚಾ ತೈಲ, ಸೌದೆ ಪ್ರಕೃತಿಯಲ್ಲಿ ಇದ್ದ ಹಾಗೇ ಸಿಗುವಂಥವು, ಇವು ಪ್ರಾಥಮಿಕ. ಅವನ್ನು ಮಾರ್ಪಡಿಸಿ ಪಡೆದದ್ದು ಕರೆಂಟು, ಪೆಟ್ರೋಲು, ಡೀಸೆಲ್ಲು, ಇವು ದ್ವಿತೀಯ. ‘ದ್ವಿತೀಯ’ ಎಂದೊಡನೆ ಮಕ್ಕಳಿಗೆ ದ್ವಿತೀಯ ದರ್ಜೆ ನೆನಪಾಗುತ್ತದೆ, ಏನೋ ಕಡಿಮೆಯದು ಅಂದುಕೊಳ್ಳುತ್ತಾರೆ. ಬೋರ್‌ವೆಲ್ ಮೋಟಾರಿಗೆ ಬೇಕಿರುವುದು ಆ ಎರಡನೆಯದೇ. ತ್ರೀ ಫೇಸ್ ಕರೆಂಟು ಬರುವ ಹೊತ್ತಿಗೆ ಕಾದು ಕೂತ ರೈತನ ಮಗಳಿಗೆ ಅದನ್ನು ‘ದ್ವಿತೀಯ’ ಅನ್ನಲು ನನಗೇ ಮನಸ್ಸಾಗಲಿಲ್ಲ.

ನಮ್ಮ ಸೀಮೆಗೆ ಈ ವ್ಯತ್ಯಾಸ ಹೊಸದೇನಲ್ಲ. ಜಾಲಿ ಕಡಿದು, ಒಟ್ಟಿ, ಮಣ್ಣು ಮುಚ್ಚಿ, ಗಾಳಿ ಹೆಚ್ಚು ಆಡದಂತೆ ಸುಟ್ಟು ಇದ್ದಲು ಮಾಡುತ್ತಾರಲ್ಲ, ಸೌದೆ ಮೊದಲನೆಯದು, ಇದ್ದಲು ಎರಡನೆಯದು. ಸುಡುವಾಗ ಸೌದೆಯ ಕಸುವು ಒಂದಷ್ಟು ಹೋಗುತ್ತದೆ. ಹೋದರೂ ಉಳಿದದ್ದು ಹಗುರ, ಹೊಗೆ ಕಡಿಮೆ, ಕುಲುಮೆಗೆ ಬೇಕಾದ ಕಾವು ಕೊಡುತ್ತದೆ. (ಕಲ್ಲಿದ್ದಲಿನ ಹೆಸರಲ್ಲೇ ಇದ್ದಲು ಇದೆ. ಭೂಮಿಯಲ್ಲಿ ತಾನಾಗಿ ಆದದ್ದಕ್ಕೆ ನಾವು ಸುಟ್ಟು ಮಾಡಿದ್ದರ ಹೆಸರು!) ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರದಲ್ಲೂ ಶಾಖದ ಸುಮಾರು ಮೂರನೇ ಒಂದು ಪಾಲು ಮಾತ್ರ ಕರೆಂಟಾಗುತ್ತದೆ. ಇಷ್ಟು ಕಳೆದುಕೊಂಡರೂ ಕರೆಂಟೇ ಬೇಕು, ಏಕೆಂದರೆ ಅದು ತಂತಿಯಲ್ಲಿ ಹೋಗುತ್ತದೆ. ಶಿವನಸಮುದ್ರದ ಕಾವೇರಿಯನ್ನು ಕೋಲಾರದ ಚಿನ್ನದ ಗಣಿಗೆ ಹರಿಸಲಾಗುತ್ತಿರಲಿಲ್ಲ. 1902ರಲ್ಲಿ ಅದರ ಕಸುವನ್ನು ಸುಮಾರು 147 ಕಿ.ಮೀ. ದೂರ ತಂತಿಯಲ್ಲಿ ಹರಿಸಿದರು.

ನನಗೆ ಹೊಳೆದ ಪದ ವ್ಯಾಕರಣದ್ದು. ‘ನಡೆ’, ‘ಓದು’ ಮೂಲಧಾತು (ಕ್ರಿಯಾಪದದ ಮೂಲರೂಪ). ‘ಕನ್ನಡ’ಕ್ಕೆ ‘ಇಸು’ ಸೇರಿ ಆದ ‘ಕನ್ನಡಿಸು’ ಸಾಧಿತ ಧಾತು. ಹಾಗೆಯೇ ‘ಮೂಲಶಕ್ತಿ’, ‘ಸಾಧಿತ ಶಕ್ತಿ’ ಎಂದರೆ? ‘ಸಾಧಿತ’ದಲ್ಲಿ ಕೀಳುತನವಿಲ್ಲ, ದುಡಿಮೆಯಿದೆ. ಆಗ ‘ಸೋರ್ಸ್’ಗೆ ‘ಮೂಲ’ದ ಬದಲು ‘ಆಕರ’ ಬಳಸಬಹುದು. ಆಕರಕ್ಕೆ ಗಣಿ ಎಂಬ ಅರ್ಥವೂ ಇದೆ, ಕೋಲಾರದವರಿಗೆ ಹಿಡಿಸೀತು.

‘ಇಂಧನ ಮೂಲ’ ಎಂದೂ ಬರೆಯುವುದುಂಟು. ಅದು ಬೇಡ ಎನಿಸುತ್ತದೆ. ಇಂಧನ ಎಂದರೆ ಉರಿಯುವಂಥದ್ದು, ಉರುವಲು. ವಿದ್ಯುತ್ತಿನ ಆಡಳಿತ ನೋಡುವುದು ‘ಇಂಧನ ಇಲಾಖೆ’ಯಾದರೂ ಬಿಸಿಲನ್ನು ಇಂಧನ ಎನ್ನಲು ನಾಲಿಗೆ ಏಳದು. ನಮ್ಮ ತಾಲ್ಲೂಕಿನ 2050 ಮೆಗಾವಾಟ್ ಸೋಲಾರ್ ಪಾರ್ಕಿಗೆ ‘ಶಕ್ತಿ ಸ್ಥಳ’ ಎಂದು ಹೆಸರಿಟ್ಟದ್ದು ಒಪ್ಪುವಂತಿದೆ. ಆ ಸುಮಾರು 13,000 ಎಕರೆ ಮೇಲೆ ಬೀಳುವುದು ಸೌರಶಕ್ತಿ, ಅಲ್ಲಿಂದ ಹೊರಡುವುದು ಸೌರವಿದ್ಯುತ್. ಮಾತಿನಲ್ಲಿ ಎರಡನ್ನೂ ‘ಸೌರಶಕ್ತಿ’ ಅಂದುಬಿಡುತ್ತೇವೆ.

ಎರಡು ತೊಡಕು ಉಳಿದಿವೆ. ಬೆರಣಿ ಯಾವ ಗುಂಪಿಗೆ? ತಟ್ಟಿ ಒಣಗಿಸಿದ್ದಷ್ಟೇ, ಗುಣ ಬದಲಾಗಿಲ್ಲ, ಹಾಗಾಗಿ ಮೂಲ ಎನ್ನುತ್ತೇನೆ. ಅದೇ ಸಗಣಿಯ ಗೋಬರ್ ಗ್ಯಾಸು ಸಾಧಿತ. ಇನ್ನೊಂದು ಕಷ್ಟದ್ದು. ದೇಶಗಳ ಶಕ್ತಿಯ ಲೆಕ್ಕ ಬರೆಯುವಾಗ ಬಿಸಿಲು, ಗಾಳಿ, ನೀರಿನಿಂದ ಬಂದ ಕರೆಂಟನ್ನು ಪ್ರಾಥಮಿಕದ ಕಡೆಗೇ ಹಾಕುವ ರೂಢಿಯಿದೆ, ಕಲ್ಲಿದ್ದಲಿನ ಕರೆಂಟನ್ನು ಮಾತ್ರ ದ್ವಿತೀಯಕ್ಕೆ. ಅಲ್ಲಿ ‘ಸಾಧಿತ’ ಎಂಬ ಪದ ಒಪ್ಪುತ್ತದೆಯೇ?

ಶಿಡ್ಲಘಟ್ಟದ ಕಡೆ ರೇಷ್ಮೆ ಗೂಡು ಬೇಯಿಸುವವರು, ಇದ್ದಲು ಸುಡುವವರು ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ಕೇಳಿ ತಿಳಿಸಿ: ಉರಿಸುವ ವಸ್ತುವಿಗೂ ಅದರಿಂದ ಮಾಡಿಕೊಂಡದ್ದಕ್ಕೂ ಅವರು ಬೇರೆ ಬೇರೆ ಮಾತು ಬಳಸುತ್ತಾರೆಯೇ? ಅಂಥ ಪದ ಸಿಕ್ಕರೆ ‘ಸಾಧಿತ’ವನ್ನು ಬಿಟ್ಟು ಅದನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ.