ನ್ಯೂಟ್ರಿನೊ ಡಿಟೆಕ್ಟರಿನಲ್ಲಿ ಡಾರ್ಕ್ ಕಣ ಹುಡುಕಿದವರು ಯಾರಾದರೂ ಇದ್ದೀರಾ?

ಪ್ರಶ್ನೆ: ನ್ಯೂಟ್ರಿನೊ (ಬಲು ಹಗುರ, ಯಾವುದಕ್ಕೂ ಸುಲಭವಾಗಿ ಸಿಗದ ಕಣ) ಅಧ್ಯಯನ ಮಾಡುವ ಗುಂಪಿನಲ್ಲಿ ಪಿಎಚ್.ಡಿ.ಗೆ ಸೇರಿ ಎರಡು ತಿಂಗಳಾಯಿತು. ಡಾರ್ಕ್ ಫೋಟಾನ್ (ಬೆಳಕಿನ ಕಣದಂಥ, ಇನ್ನೂ ಕಾಣದ ಊಹೆಯ ಕಣ) ಮೂಲಕ ಹುಟ್ಟಬಹುದಾದ ಹಗುರ ಡಾರ್ಕ್ ಮ್ಯಾಟರ್ (ಬೆಳಕಿಗೆ ಕಾಣದ ದ್ರವ್ಯ) ಕಣಗಳನ್ನು ಇದೇ ಡಿಟೆಕ್ಟರಿನಲ್ಲಿ ಹುಡುಕು ಎಂದಿದ್ದಾರೆ ಗೈಡ್. ಎತ್ತ ನೋಡಿದರೂ ನನಗೆ ನ್ಯೂಟ್ರಿನೊಗಳೇ ಕಾಣುತ್ತಿವೆ. ನೀವೆಲ್ಲ ಎಲ್ಲಿಂದ ಶುರುಮಾಡಿದಿರಿ?

ಉತ್ತರ 1: ಮೊದಲು ಪಯಾನ್ ಎಂಬ ಅಲ್ಪಾಯುಷಿ ಕಣಗಳ ಜಾತಕ ಬರೆದುಕೊಳ್ಳಿ. ಪ್ರೋಟಾನ್ ಗುರಿಗೆ ಬಡಿದಾಗ ಹುಟ್ಟುವ ವಿದ್ಯುದಾವೇಶವಿರುವ ಪಯಾನ್‌ಗಳು ಸ್ವಲ್ಪ ದೂರ ಹಾರಿ, ಕ್ಷಯಿಸಿ, ನ್ಯೂಟ್ರಿನೊ ಕೊಡುತ್ತವೆ. ಆವೇಶವಿಲ್ಲದ ಪಯಾನ್ ಹುಟ್ಟಿದಲ್ಲೇ ಸಾಯುತ್ತದೆ. ಡಾರ್ಕ್ ಫೋಟಾನ್ ಇದ್ದರೆ ಅದರಿಂದ ಬರಬಹುದು. ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದ ಮಿನಿಬೂನ್ ನ್ಯೂಟ್ರಿನೊ ತಂಡ 2013-14ರಲ್ಲಿ ಈ ವ್ಯತ್ಯಾಸವನ್ನೇ ಹಿಡಿಯಿತು. ಪ್ರೋಟಾನ್ ಕಿರಣವನ್ನು ಬೆರಿಲಿಯಮ್ ಗುರಿಯ ಪಕ್ಕದಿಂದ ಹಾಯಿಸಿ, 50 ಮೀಟರ್ ಮುಂದಿದ್ದ ಉಕ್ಕಿನ ದಿಮ್ಮಿಗೆ ನೇರವಾಗಿ ಹೊಡೆಸಿದರು. ಆವೇಶದ ಪಯಾನ್‌ಗಳು ಕ್ಷಯಿಸುವ ಮೊದಲೇ ಉಕ್ಕಿನಲ್ಲಿ ಇಂಗಿದವು, ನ್ಯೂಟ್ರಿನೊ ಹರಿವು ಸೊರಗಿತು. 490 ಮೀಟರ್ ಆಚೆಯ ಡಿಟೆಕ್ಟರಿನ ಸುಮಾರು 800 ಟನ್ ಖನಿಜತೈಲದಲ್ಲಿ ಹೊಸ ಕಣ ಕಾಣಲಿಲ್ಲ. ಆ 'ಇಲ್ಲ' ಎಂಬುದೇ 2017ರಲ್ಲಿ ಒಳ್ಳೆಯ ಪ್ರಬಂಧವಾಯಿತು.

ಉತ್ತರ 2: ಮೇಲಿನವರು ಪುಣ್ಯವಂತರ ಕತೆ ಹೇಳಿದರು. ಕಿರಣ ತಿರುಗಿಸಿ ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ ಉಳಿದ ಗುಂಪುಗಳು ಸುಮ್ಮನಿರುತ್ತವೆಯೇ? ಗಡಿಯಾರವನ್ನು ನಂಬಿ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ಕೊಹೆರೆಂಟ್ ತಂಡ 14.6 ಕಿಲೊ ಸೀಸಿಯಮ್ ಅಯೊಡೈಡ್ ಹರಳಿನಲ್ಲಿ ಮಾಡಿದ್ದು ಇದನ್ನೇ. ಡಾರ್ಕ್ ಕಣ ಇದ್ದರೆ ಪ್ರೋಟಾನ್ ಮಿಡಿತದ ಬೆನ್ನಿಗೇ ಬರಬೇಕು. ಪಯಾನ್ ಕ್ಷಯಿಸಿದಾಗ ಹುಟ್ಟುವ ಮ್ಯುವಾನ್ ಕಣದ ಆಯಸ್ಸು 2.2 ಮೈಕ್ರೊಸೆಕೆಂಡ್, ಅದರಿಂದ ಬರುವ ನ್ಯೂಟ್ರಿನೊಗಳು ಸಾವಕಾಶವಾಗಿ ಬಂದು, ಹಿನ್ನೆಲೆ ಎಷ್ಟೆಂದು ತಾವೇ ಲೆಕ್ಕ ಒಪ್ಪಿಸುತ್ತವೆ.

ಒಮ್ಮೆ ನನ್ನ ಸಮಯದ ನಕ್ಷೆಯ ಎಡತುದಿಯಲ್ಲೊಂದು ಉಬ್ಬು ಕಾಣಿಸಿಕೊಂಡಿತು. ಮೂರು ರಾತ್ರಿ ನಿದ್ದೆಯಿಲ್ಲ. ನಾಲ್ಕನೆಯ ದಿನ ಲಾಗ್ ಪುಸ್ತಕದಲ್ಲಿ ಪೆನ್ಸಿಲಿನ ಒಂದು ಸಾಲು ಸಿಕ್ಕಿತು: 'ಕೇಬಲ್ ಬದಲಿಸಿದೆ.' ಹೊಸದು ಹಳೆಯದಕ್ಕಿಂತ ಎಂಟು ಮೀಟರ್ ಉದ್ದವಿತ್ತು, ಅಂದರೆ ಸುಮಾರು 40 ನ್ಯಾನೊಸೆಕೆಂಡ್ ತಡ. ತಿದ್ದಿದೆ, ಉಬ್ಬು ಮಾಯವಾಯಿತು.

ಉತ್ತರ 3: ಕಸದ ಬುಟ್ಟಿಗೆ ಹಾಕಿದ ಘಟನೆಗಳನ್ನೂ (ಡಿಟೆಕ್ಟರ್ ದಾಖಲಿಸಿದ ಸಂಕೇತಗಳನ್ನೂ) ಅಳಿಸದೆ ಇಟ್ಟುಕೊಳ್ಳಿ ಎನ್ನುತ್ತೇನೆ, ಅದು ನಮ್ಮ ಕೋಲಾರದ ನೆನಪಿನಿಂದ. 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊಗಳನ್ನು ಕಂಡ ಆ ಚಿನ್ನದ ಗಣಿಯಲ್ಲೇ, ಎರಡು ಕಿಲೊಮೀಟರಿಗೂ ಆಳದಲ್ಲಿ, ಒಂದೇ ಬಿಂದುವಿನಿಂದ ಕವಲೊಡೆದ ಕೆಲವು ವಿಚಿತ್ರ ಜಾಡುಗಳು ಸಿಕ್ಕಿದ್ದವು. 1975ರಲ್ಲಿ ಅವನ್ನು ಪ್ರಕಟಿಸಿದರು. ಸುಮಾರು ನಾಲ್ಕು ದಶಕಗಳ ನಂತರ, ಅವು ಡಾರ್ಕ್ ಮ್ಯಾಟರ್ ಕಣದ ಕ್ಷಯವಿರಬಹುದೇ ಎಂದು ಇಬ್ಬರು ಸಿದ್ಧಾಂತಿಗಳು ಮತ್ತೆ ಕೇಳಿದರು. ಬೇರೆಡೆ ಪುನರಾವರ್ತನೆಯಾಗದೆ ನಾನಂತೂ ನಂಬುವುದಿಲ್ಲ. ಆದರೆ ದಾಖಲೆ ಉಳಿದಿದ್ದರಿಂದಲೇ ಕೇಳಲು ಸಾಧ್ಯವಾಯಿತು.

ಪ್ರಶ್ನೆ ಕೇಳಿದವರು: ಈಗಷ್ಟೇ ಲಾಗ್ ಪುಸ್ತಕ ತೆರೆದೆ. ಮಾರ್ಚಿನಿಂದ ಈಚೆಗೆ ಎರಡು ಕೇಬಲ್ ಬದಲಾಗಿವೆ. ಉದ್ದ ಬರೆದಿಲ್ಲ.