ಚಿಕ್ಕ ಮಗು ಇಟ್ಟುಕೊಂಡು ಬರ್ಕ್‌ಲಿಗೆ ಟ್ರಾನ್ಸ್‌ಫರ್: ಓದಿದವರು ಹೇಳಿ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಗಂಡನದು ಎಚ್-1ಬಿ ಕೆಲಸದ ವೀಸಾ, ನನ್ನದು ಅವರ ಹೆಂಡತಿಯಾಗಿ ಸಿಕ್ಕ ಎಚ್-4, ಮಗಳಿಗೆ ಎರಡು ವರ್ಷ. ಇಲ್ಲಿನ ಓಲೋನಿ ಕಾಲೇಜಿನಲ್ಲಿ (ಎರಡು ವರ್ಷದ ಕಮ್ಯುನಿಟಿ ಕಾಲೇಜು) ಎಕನಾಮಿಕ್ಸ್ ಓದ್ತಿದ್ದೇನೆ. ಮುಂದೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಬರ್ಕ್‌ಲಿಗೆ ಟ್ರಾನ್ಸ್‌ಫರ್ ಆಗಿ ಡಿಗ್ರಿ ಮುಗಿಸುವ ಆಸೆ. ಮನೆಯಲ್ಲಿ "ಕೂಸು ಬಿಟ್ಟು ಅಷ್ಟು ದೂರ ಯಾಕೆ" ಅಂತಾರೆ. ಮಕ್ಕಳಿದ್ದೂ ಓದಿದವರು ಹೇಗೆ ನಿಭಾಯಿಸಿದಿರಿ?

ಬರ್ಕ್‌ಲಿಯಲ್ಲಿ ಓದಿದ ಒಬ್ಬ ತಾಯಿ

ಸೀಟು ಸಿಗುತ್ತೋ ಇಲ್ವೋ ಅನ್ನೋದಕ್ಕಿಂತ, ಸಿಕ್ಕಮೇಲೆ ವಾರ ಹೇಗೆ ಸಾಗುತ್ತೆ ಅಂತ ಮೊದಲು ಯೋಚಿಸಿ. ಫ್ರೀಮಾಂಟ್‌ನಿಂದ ಡೌನ್‌ಟೌನ್ ಬರ್ಕ್‌ಲಿಗೆ ಬಾರ್ಟ್ ಲೋಕಲ್ ರೈಲಿನ ಆರೆಂಜ್ ಲೈನ್ ನೇರ ಹೋಗುತ್ತೆ, ಮುಕ್ಕಾಲು ಗಂಟೆಯ ಆಸುಪಾಸು. ನನ್ನ ಓದು ಬಹುಪಾಲು ಆ ರೈಲಿನಲ್ಲೇ ಆಯ್ತು. ಆದರೆ "ಮಗುಗೆ ಜ್ವರ, ಕರ್ಕೊಂಡು ಹೋಗಿ" ಅಂತ ಡೇಕೇರ್‌ನಿಂದ ಫೋನ್ ಬಂದ ದಿನ ಅದೇ ಮುಕ್ಕಾಲು ಗಂಟೆ ಕಳೆಯೋದೇ ಇಲ್ಲ. ನಿಮ್ಮ ಬದಲು ತಕ್ಷಣ ಹೋಗಬಲ್ಲವರು ಒಬ್ಬರು ಊರಲ್ಲಿರಬೇಕು, ಗಂಡನೋ ಪಕ್ಕದ ಮನೆಯವರೋ. ಅದು ಇತ್ಯರ್ಥವಾಗೋ ತನಕ ಅರ್ಜಿ ಹಾಕಬೇಡಿ ಅನ್ನಲ್ಲ. ಏಪ್ರಿಲ್ ಕೊನೆಗೆ ಫಲಿತಾಂಶ ಬಂದರೂ ಒಪ್ಪಿಕೊಳ್ಳೋಕೆ ಜೂನ್ 1ರವರೆಗೆ ಸಮಯ ಇರುತ್ತೆ.

ಇನ್ನೊಂದು ದಾರಿ ಆಲ್ಬನಿಯ ಯೂನಿವರ್ಸಿಟಿ ವಿಲೇಜ್. ಮಕ್ಕಳಿರುವ ವಿದ್ಯಾರ್ಥಿಗಳಿಗೆಂದೇ ಇರುವ ಮನೆಗಳು, ಕ್ಯಾಂಪಸ್‌ಗೆ ಬಸ್ಸಿದೆ, ಅಂಗಳದಲ್ಲಿ ಎಲ್ಲ ದೇಶದ ಮಕ್ಕಳು. ನಾವು ಎರಡನೇ ವರ್ಷ ಅಲ್ಲಿಗೆ ಹೋದೆವು. ಆಗ ಅಲೆದಾಟ ಗಂಡನ ಪಾಲಿಗೆ ಬಂತು, ಅವರು ಇವತ್ತಿಗೂ ಅದನ್ನು ಎತ್ತಿ ಆಡ್ತಾರೆ!

ಕ್ಯಾಂಪಸ್‌ನಲ್ಲಿ ತಂದೆತಾಯಿ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಕೇಂದ್ರವೇ ಇದೆ, ಮೊದಲ ವಾರವೇ ಹೋಗಿ. ಮಗುವಿನ ಕಾರಣಕ್ಕೆ ಸೆಮಿಸ್ಟರ್‌ಗೆ ಕಡಿಮೆ ಯೂನಿಟ್ (ಕೋರ್ಸಿನ ಕ್ರೆಡಿಟ್) ತಗೊಳ್ಳಲು ಅನುಮತಿ ಕೇಳಬಹುದು ಅಂತ ನನಗೆ ಅಲ್ಲೇ ಗೊತ್ತಾಗಿದ್ದು. ಕಮ್ಯುನಿಟಿ ಕಾಲೇಜಿನಲ್ಲೂ ಕೇಳಿ: 2022ರ ರಾಜ್ಯದ ಕಾನೂನಿನಂತೆ ಮಕ್ಕಳಿರುವವರಿಗೆ ಕೋರ್ಸ್ ನೋಂದಣಿಯಲ್ಲಿ ಆದ್ಯತೆ ಇದೆ. ಬೆಳಗಿನ ಕ್ಲಾಸ್ ತುಂಬಿಹೋಗುವ ಮೊದಲೇ ಹಿಡಿಯಬಹುದು.

ಲಾಸ್ ಏಂಜಲೀಸ್‌ನಿಂದ, ಇಬ್ಬರು ಮಕ್ಕಳ ತಂದೆ

ನಾನು ರಾತ್ರಿ ಪಾಳಿ ಮಾಡಿಕೊಂಡು ಯುಸಿಎಲ್‌ಎ (ಯುಸಿಯ ಲಾಸ್ ಏಂಜಲೀಸ್ ಕ್ಯಾಂಪಸ್) ಮುಗಿಸಿದೆ. ಮೇಡಂ, ಬರ್ಕ್‌ಲಿ ಒಂದನ್ನೇ ನಂಬಿ ಕೂರಬೇಡಿ. ಕಮ್ಯುನಿಟಿ ಕಾಲೇಜಿನವರಿಗೆ ಸೀಟು ಖಾತ್ರಿ ಕೊಡುವ 'ಟ್ಯಾಗ್' ಒಪ್ಪಂದ ಬರ್ಕ್‌ಲಿ, ಯುಸಿಎಲ್‌ಎ, ಸ್ಯಾನ್ ಡಿಯೆಗೋಗಳಲ್ಲಿ ಇಲ್ಲ. ಡೇವಿಸ್, ಸಾಂತಾಕ್ರೂಜ್ ಸೇರಿ ಉಳಿದ ಆರು ಯುಸಿ ಕ್ಯಾಂಪಸ್‌ಗಳಲ್ಲಿದೆ, ಒಂದು ಕಡೆ ಮಾತ್ರ ಹಾಕಬಹುದು. ಅದರ ಅರ್ಜಿ ಸೆಪ್ಟೆಂಬರ್‌ನಲ್ಲೇ. ಮುಖ್ಯ ಅರ್ಜಿ ಸಲ್ಲಿಸೋದು ಅಕ್ಟೋಬರ್–ನವೆಂಬರ್. ಯಾವ ಕೋರ್ಸ್ ಎಲ್ಲಿ ಲೆಕ್ಕಕ್ಕೆ ಬರುತ್ತೆ ಅಂತ 'ಅಸಿಸ್ಟ್' ಜಾಲತಾಣದಲ್ಲಿ ನೋಡಿಯೇ ಸೇರಿ. ಎಕನಾಮಿಕ್ಸ್‌ಗೆ ಕ್ಯಾಲ್ಕುಲಸ್ ಮುಂದೂಡಬೇಡಿ.

ಅರ್ಜಿಯ ಪ್ರಬಂಧದಲ್ಲಿ ಮಗುವಿನ ವಿಷಯ ಬರೀಬೇಕಾ ಅಂತ ಎಲ್ಲರೂ ಕೇಳ್ತಾರೆ. ಬರೀರಿ, ಆದರೆ ಅಳು ಬೇಡ. 350 ಪದದಲ್ಲಿ ನೀವು ಏನು ಮಾಡಿದ್ರಿ ಅನ್ನೋದಷ್ಟೇ ಹಿಡಿಸುತ್ತೆ.

ದುಡ್ಡಿನ ಮಾತು. ಎಚ್-4ನಲ್ಲಿ ಓದೋಕೆ ಎಫ್-1 (ವಿದ್ಯಾರ್ಥಿ ವೀಸಾ) ಬೇಕಿಲ್ಲ, ಕ್ಯಾಲಿಫೋರ್ನಿಯಾ ನಿವಾಸಿ ಅಂತ ಸಾಬೀತು ಮಾಡಿದರೆ ರಾಜ್ಯದವರ ಫೀಸೇ. ಆಗದಿದ್ದರೆ ವರ್ಷಕ್ಕೆ 30,000 ಡಾಲರಿಗೂ ಮೀರಿ ಹೆಚ್ಚುವರಿ ಕಟ್ಟಬೇಕು. ಲೀಸು, ತೆರಿಗೆ ಪತ್ರ, ಕ್ಯಾಲಿಫೋರ್ನಿಯಾದ ಡ್ರೈವಿಂಗ್ ಲೈಸೆನ್ಸ್ ಈಗಲೇ ಜೋಡಿಸಿಡಿ. ಫೆಡರಲ್ ಸಹಾಯಧನ ಎಚ್-4ಗೆ ಇಲ್ಲ. ಗ್ರೀನ್ ಕಾರ್ಡ್ ಬಂದವರಾದರೆ ಡೇಕೇರ್ ರಸೀದಿ ತೋರಿಸಿ, ಸಹಾಯಧನ ಲೆಕ್ಕ ಹಾಕುವ ಓದಿನ ಖರ್ಚಿಗೆ ಸೇರಿಸಿ ಅಂತ ಕಾಲೇಜಿನವರನ್ನು ಕೇಳಿ, ಕೇಳದೆ ಯಾರೂ ಸೇರಿಸಲ್ಲ. ಆರೋಗ್ಯ ವಿಮೆ ಗಂಡನ ಕಂಪನಿಯದ್ದಿದ್ದರೆ ಯುಸಿ ವಿಮೆ ಬೇಡ ಅಂತ ಗಡುವಿನೊಳಗೆ ಬರೆದುಕೊಡಿ.

ಸ್ಯಾನ್ ಹೋಸೆ ಸ್ಟೇಟ್ ಆರಿಸಿಕೊಂಡವಳು

ಎಲ್ಲರೂ ಬರ್ಕ್‌ಲಿ ಅಂತಾರೆ ಅಂತ ಹೇಳ್ತಿದ್ದೀನಿ, ನಾನು ಹೋಗಲಿಲ್ಲ. ಮನೆಯಿಂದ ಹದಿನೈದು ನಿಮಿಷ, ಸಂಜೆ ಕ್ಲಾಸು, ಕೆಲಸವೂ ಸಿಕ್ತು. ಪಿಎಚ್‌ಡಿ ಕಡೆ ಮನಸ್ಸಿದ್ದರೆ ಬರ್ಕ್‌ಲಿ ಬೇರೆ ಮಾತು. ಕೆಲಸಕ್ಕಾಗಿ ಮಾತ್ರವಾದರೆ ಮನೆಯವರ ಮಾತಲ್ಲೂ ಹುರುಳಿದೆ.

ಮತ್ತೆ ಬರ್ಕ್‌ಲಿಯ ತಾಯಿ

ಒಂದು ಬಿಟ್ಟಿದ್ದೆ. ಅಮ್ಮನನ್ನೋ ಅತ್ತೆಯನ್ನೋ ಕರೆಸೋದಾದರೆ ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳು. ಬೇಸಿಗೆಯಲ್ಲಿ ಕರೆಸಬೇಡಿ. ಆಗಸ್ಟ್ ನಡುವಿಗೆ ಬರಲಿ, ಡಿಸೆಂಬರ್ ಪರೀಕ್ಷೆ ಮುಗಿಸಿಕೊಟ್ಟೇ ಹೋಗಲಿ. ಜನವರಿ ಸೆಮಿಸ್ಟರ್‌ಗೆ ಇನ್ನೊಬ್ಬರು.